ತಂತಿಗೆ ಜೀವ ಬಂದ ದಿನ

ಉಗಿಬಂಡಿ ತನ್ನ ಬರವನ್ನು ಎಂದೂ ಮರೆಮಾಚಿದ್ದಿಲ್ಲ. ದೂರದಲ್ಲಿ ಹೊಗೆ ಕಾಣುತ್ತಿತ್ತು, ಕೂಗು ಕೇಳುತ್ತಿತ್ತು; ಹಳಿ ದಾಟುವ ಎಮ್ಮೆಗೂ ಎಚ್ಚರಿಕೆ ಸಿಗುತ್ತಿತ್ತು. ಹಳಿಯ ಮೇಲೆ ಕಟ್ಟಿದ ವಿದ್ಯುತ್ ತಂತಿಗೆ ಈ ಸೌಜನ್ಯವಿಲ್ಲ. ನಿನ್ನೆಯವರೆಗೆ ಬರಿಯ ತಾಮ್ರವಾಗಿದ್ದದ್ದು ಇಂದು ಪ್ರಾಣಾಂತಕ. ಆದರೆ ನೋಡುವ ಕಣ್ಣಿಗೆ ಎರಡೂ ಒಂದೇ. ಆದುದರಿಂದ ರೈಲುಮಾರ್ಗಗಳ ವಿದ್ಯುದೀಕರಣದ ಇತಿಹಾಸವು ಯಂತ್ರಗಳ ಇತಿಹಾಸ ಮಾತ್ರವಲ್ಲ. ಕಾಣದ ಅಪಾಯವನ್ನು ಜನಕ್ಕೆ ತಿಳಿಯಹೇಳಿದ ಇತಿಹಾಸವೂ ಹೌದು.

ನಮ್ಮ ದೇಶದಲ್ಲಿ ಅದು ಮೊದಲಾದದ್ದು 1925ರ ಫೆಬ್ರವರಿ 3ರಂದು. ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗಿನ ವಿದ್ಯುತ್ ರೈಲನ್ನು ಗವರ್ನರ್ ಸರ್ ಲೆಸ್ಲಿ ವಿಲ್ಸನ್ ಅಂದು ಉದ್ಘಾಟಿಸಿದರು. ತಂತಿಯಲ್ಲಿದ್ದುದು 1500 ವೋಲ್ಟಿನ ಏಕಮುಖ ವಿದ್ಯುತ್ತು. ಒತ್ತಡ ಕಡಿಮೆಯಾದರೆ ಅದೇ ಕೆಲಸಕ್ಕೆ ಹೆಚ್ಚು ಪ್ರವಾಹ ಬೇಕು. ಹೆಚ್ಚು ಪ್ರವಾಹಕ್ಕೆ ದಪ್ಪ ತಾಮ್ರ ಬೇಕು, ಕೆಲವೇ ಮೈಲಿಗೊಂದು ಉಪಕೇಂದ್ರ ಬೇಕು. ಮುಂಬಯಿಯಂಥ ಜನನಿಬಿಡ ನಗರಕ್ಕೆ ಈ ವೆಚ್ಚ ಒಗ್ಗಿತು. ಕಾಡುಮೇಡು ದಾಟುವ ದೂರದ ಮಾರ್ಗಗಳಿಗೆ ಅದು ಭಾರವಾಗುತ್ತಿತ್ತು.

ಊರಿಗೆ ದೀಪ ಕೊಡುವ ಸಾಮಾನ್ಯ ಪರ್ಯಾಯ ವಿದ್ಯುತ್ತನ್ನೇ ಹೆಚ್ಚಿನ ಒತ್ತಡದಲ್ಲಿ ರೈಲಿಗೂ ಕೊಡಬಹುದೆಂದು ಹಂಗೆರಿಯ ಎಂಜಿನಿಯರ್ ಕಾಲ್ಮಾನ್ ಕಾಂಡೊ ದಾರಿ ತೋರಿಸಿದ್ದರು. ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸ್ ಅದನ್ನು 25,000 ವೋಲ್ಟಿಗೆ ಏರಿಸಿ ಯಶಸ್ವಿಯಾಯಿತು. ಭಾರತ 1957ರಲ್ಲಿ ಇದೇ ಪದ್ಧತಿಯನ್ನು ಒಪ್ಪಿಕೊಂಡಿತು. 1959ರ ಡಿಸೆಂಬರ್ 15ರಂದು, ಇಂದಿನ ಝಾರ್ಖಂಡದ ಕೇಂದ್‌ಪೋಸಿ ಮತ್ತು ರಾಜ್‌ಖರ್ಸವಾನ್ ನಡುವೆ, ಕಬ್ಬಿಣದ ಅದಿರಿನ ನಾಡಿನಲ್ಲಿ, ಹೊಸ ತಂತಿಯಡಿ ಮೊದಲ ರೈಲು ಓಡಿತು.

ತಾಮ್ರ ಉಳಿಯಿತು, ಉಪಕೇಂದ್ರಗಳು ವಿರಳವಾದವು. ಆದರೆ ಅಪಾಯದ ಸ್ವರೂಪವೂ ಬದಲಾಯಿತು. 25,000 ವೋಲ್ಟಿನ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ತೀರ ಹತ್ತಿರ ಹೋದರೂ ಅದು ಗಾಳಿಯನ್ನೇ ದಾಟಿ ಬಂದೀತು. ಅದಕ್ಕಾಗಿಯೇ ಎರಡು ಮೀಟರ್ ದೂರದ ನಿಯಮ. 'ಮುಟ್ಟಬೇಡ' ಎಂಬ ಮಾತು 'ಹತ್ತಿರ ಬರಬೇಡ' ಎಂದಾಯಿತು. ಪಕ್ಕದ ಮಾರ್ಗ ಜೀವಂತವಾಗಿದ್ದರೆ, ಪ್ರವಾಹ ನಿಲ್ಲಿಸಿದ ತಂತಿಯಲ್ಲಿಯೂ ಪ್ರೇರಿತ ವಿದ್ಯುತ್ತು ಹುಟ್ಟುತ್ತದೆ. ಭೂಸಂಪರ್ಕ ಕೊಡದೆ ಕೆಲಸಗಾರ ಅದಕ್ಕೆ ಕೈಹಾಕುವಂತಿಲ್ಲ. ಇದೇ ಕಾರಣದಿಂದ ಹಳಿಯ ಬದಿಯ ಟೆಲಿಫೋನ್ ತಂತಿಗಳು ನೆಲದಡಿಯ ಕೇಬಲ್ಲುಗಳಾಗಬೇಕಾಯಿತು.

ನಮ್ಮ ಕರಾವಳಿಗೆ ಈ ತಂತಿ ಬಂದದ್ದು ಬಹು ತಡವಾಗಿ. ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದದ್ದು 1998ರಲ್ಲಿ. ರೋಹಾದಿಂದ ತೋಕೂರಿನವರೆಗಿನ 741 ಕಿಲೋಮೀಟರಿನ ವಿದ್ಯುದೀಕರಣ ಮುಗಿದದ್ದು 2022ರ ಮಾರ್ಚಿನಲ್ಲಿ. ಅದೇ ವರ್ಷದ ಜೂನ್ 20ರಂದು ಬೆಂಗಳೂರಿನ ಸಮಾರಂಭದಲ್ಲಿ ಅದನ್ನು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಈ ನಡುವೆ ಒಂದು ತಲೆಮಾರು ಬರಿಯ ಆಕಾಶದಡಿಯ ಹಳಿಗೆ ಒಗ್ಗಿಹೋಗಿತ್ತು. ಉದ್ದನೆಯ ದೋಟಿಯನ್ನು ಹೆಗಲ ಮೇಲಿಟ್ಟು ಹಳಿ ದಾಟುವ ತೋಟದವನು, ಹುಲ್ಲನ್ನು ಎತ್ತರಕ್ಕೆ ಹೇರಿದ ಲಾರಿಯವನು, ತನ್ನ ಲಾರಿಯ ಸಮೇತ ಗೂಡ್ಸ್ ರೈಲನ್ನೇರಿ ಬರುವ ಚಾಲಕ—ಇವರಿಗೆಲ್ಲ ಹಳೆಯ ಅಭ್ಯಾಸವನ್ನು ಬಿಡಬೇಕಾದ ದಿನ ಅದು. ಹಸಿಯಾದ ಬಿದಿರು ವಿದ್ಯುತ್ತಿಗೆ ದಾರಿಯಾದೀತು. ಲಾರಿಯ ಹೊರೆಯ ಮೇಲೆ ಹತ್ತಿದವನ ತಲೆ ತಂತಿಯ ಸಮೀಪಕ್ಕೆ ಬಂದೀತು.

ಇದಕ್ಕೆಂದೇ ಲೆವೆಲ್ ಕ್ರಾಸಿಂಗುಗಳ ಎರಡು ಬದಿಗೂ ಎತ್ತರ ಅಳೆಯುವ ಕಮಾನುಗಳು ನಿಲ್ಲುತ್ತವೆ. ಸ್ವಿಚ್ಚು ಹಾಕುವ ಮುನ್ನ ತಂತಿಯ ನಿರೋಧಕತೆಯನ್ನು ಪರೀಕ್ಷಿಸುತ್ತಾರೆ, ಭೂಸಂಪರ್ಕದ ಸಲಾಕೆಗಳನ್ನು ತೆಗೆಯುತ್ತಾರೆ, ಆಳುಗಳೆಲ್ಲ ಇಳಿದರೆಂದು ಖಚಿತಪಡಿಸಿಕೊಳ್ಳುತ್ತಾರೆ. ಇಂಥ ದಿನದಿಂದ ತಂತಿಯನ್ನು ಸದಾಕಾಲ ಜೀವಂತವೆಂದೇ ತಿಳಿಯಬೇಕೆಂದು ಪ್ರಕಟಣೆ ಹೊರಡುತ್ತದೆ. ಮಿಕ್ಕ ಕೆಲಸಗಳಿಗೆ ಪರಿಣತರಿದ್ದಾರೆ. ಈ ಕೊನೆಯದು ಮಾತ್ರ ಸಾಮಾನ್ಯನ ತಿಳುವಳಿಕೆಯನ್ನೇ ನಂಬಿದೆ.

ತಾಮ್ರದಲ್ಲಾದ ಉಳಿತಾಯವನ್ನು ಕಚೇರಿಗಳು ಲೆಕ್ಕವಿಟ್ಟಿವೆ. ಅದಕ್ಕೆ ಪ್ರತಿಯಾಗಿ ದಿನವೂ ಎಚ್ಚರಿಕೆಯ ಕಂದಾಯ ತೆರುವವನು ದೋಟಿಯನ್ನು ಅಡ್ಡ ಹಿಡಿದು ಹಳಿ ದಾಟುವ ಕೃಷಿಕ. ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಅವನು ನಡೆಯುವ ದಾರಿಯಲ್ಲಿ ಆ ಎಚ್ಚರಿಕೆಯನ್ನು ಹೇಳದಿದ್ದರೆ, ತಂತಿ ಎಷ್ಟೇ ಭದ್ರವಾಗಿದ್ದರೂ ಕೆಲಸ ಪೂರ್ಣವಾಯಿತೆನ್ನಲಾಗದು.