ವಾಶಿಯಲ್ಲಿ ಮೊದಲ ಸೆಕೆಂಡ್ ಹ್ಯಾಂಡ್ ಕಾರು: ಹೊಳಪು ಬಿಡಿ, ತುಕ್ಕು ನೋಡಿ, ದಾಖಲೆ ಕೇಳಿ

ಮೊದಲ ಕಾರು ಕೊಳ್ಳಲು ಹೊರಟವರ ಕಣ್ಣು ಸಾಮಾನ್ಯವಾಗಿ ಬೀಳುವುದು ಬಣ್ಣ, ಮಾಡೆಲ್ ಮತ್ತು ಮೀಟರ್‌ನಲ್ಲಿರುವ ಕಿಲೋಮೀಟರ್ ಮೇಲೆ. ಆದರೆ ವಾಶಿಯಂಥ ಊರಿನಲ್ಲಿ ಮೊದಲು ನೋಡಬೇಕಾದ್ದು ಕಾರಿನ ಅಡಿಭಾಗವನ್ನು.

ಕೆನಡಾ ಮತ್ತು ಅಮೆರಿಕದ ಉತ್ತರ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ತಳಕ್ಕೆ ಚಿಮ್ಮಿ ಕಬ್ಬಿಣವನ್ನು ತಿನ್ನುತ್ತದೆ. ಹಾಗಾಗಿ ಅಲ್ಲಿ ಹಳೆ ಕಾರು ಕೊಳ್ಳುವವರು ಟಾರ್ಚ್ ಹಿಡಿದು ಕಾರಿನ ಕೆಳಗೆ ಇಣುಕುವುದು ವಾಡಿಕೆ. ವಾಶಿಯಲ್ಲಿ ಹಿಮ ಬೀಳುವುದಿಲ್ಲ ನಿಜ. ಆದರೆ ಥಾಣೆ ಖಾಡಿಯ ಉಪ್ಪುಗಾಳಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಸೇರಿ ಕಾರಿಗೆ ಮಾಡುವುದು ಅದೇ ಕೆಲಸವನ್ನು. ಈ ಊರಿನಲ್ಲಿ ಮೊದಲ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಗಮನಿಸಬೇಕಾದ ಮುಖ್ಯ ಅಂಶಗಳು ಇಲ್ಲಿವೆ.

ತುಕ್ಕು ಎಲ್ಲಿ ಅಡಗಿರುತ್ತದೆ?

ಕಾರನ್ನು ನಿಮಗೆ ಪರಿಚಯವಿರುವ ಗ್ಯಾರೇಜಿಗೆ ಒಯ್ದು ಲಿಫ್ಟ್ ಮೇಲೆ ಏರಿಸಿ ನೋಡಿ. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಸಸ್ಪೆನ್ಷನ್ ಜೋಡಿಸಿರುವ ಜಾಗ, ಸೈಲೆನ್ಸರ್ ಮತ್ತು ಬ್ರೇಕ್ ಪೈಪ್‌ಗಳು ತುಕ್ಕಿನ ನೆಚ್ಚಿನ ಜಾಗಗಳು.

ಮೇಲ್ಮೈಯಲ್ಲಿ ಕಂದು ಪುಡಿಯಂತೆ ಕಾಣುವ ತುಕ್ಕು ಅಷ್ಟು ಅಪಾಯಕಾರಿಯಲ್ಲ. ಪದರ ಪದರವಾಗಿ ಏಳುತ್ತಿದ್ದರೆ, ಸ್ಕ್ರೂ ಡ್ರೈವರ್‌ನಿಂದ ಒತ್ತಿದಾಗ ತಗಡು ಒಳಕ್ಕೆ ಹೋದರೆ ಆ ಕಾರು ಬೇಡ. ತಳಕ್ಕೆ ಹೊಸದಾಗಿ ಕಪ್ಪು ಲೇಪನ ಬಳಿದಿದ್ದರೆ ಏನನ್ನೋ ಮುಚ್ಚಿರಬಹುದು ಎಂದು ಅನುಮಾನಿಸಿ. ಕಬ್ಬಿಣದ ಬಾಡಿಯ ಮೇಲೆ ಸಣ್ಣ ಅಯಸ್ಕಾಂತ ಇಟ್ಟು ನೋಡಿ, ಅಂಟದ ಜಾಗದಲ್ಲಿ ಪುಟ್ಟಿ ತುಂಬಿರುವ ಸಾಧ್ಯತೆ ಇದೆ.

ಇದು ಅಂದಚಂದದ ಪ್ರಶ್ನೆಯಲ್ಲ. ಗಣೇಶ ಚೌತಿಗೆ ಮಕ್ಕಳು, ಹಿರಿಯರನ್ನು ಕೂರಿಸಿಕೊಂಡು ಊರಿಗೆ ಹೊರಟ ಕುಟುಂಬಕ್ಕೆ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಪೈಪ್ ಒಡೆದರೆ ಏನಾಗಬಹುದು ಎಂಬುದನ್ನು ಊಹಿಸಿಕೊಳ್ಳಿ.

ಮಳೆನೀರು ಹೊಕ್ಕ ಕಾರು ಗುರುತಿಸುವುದು ಹೇಗೆ?

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಮುಂಬಯಿ ಮರೆತಿಲ್ಲ. ಅಷ್ಟು ದೊಡ್ಡ ಮಳೆ ಅಪರೂಪ. ಆದರೆ ನವಿ ಮುಂಬಯಿಯ ಹಲವು ಭಾಗಗಳು ಖಾಡಿ ಪಕ್ಕದ ತಗ್ಗು ಪ್ರದೇಶದಲ್ಲಿವೆ. ಭಾರಿ ಮಳೆ ಮತ್ತು ಸಮುದ್ರದ ಭರತ ಒಂದೇ ಹೊತ್ತಿಗೆ ಬಂದರೆ ನೀರು ಬೇಗ ಹರಿದುಹೋಗುವುದಿಲ್ಲ. ನೆಲಮಾಳಿಗೆಯಲ್ಲೋ ರಸ್ತೆ ಬದಿಯಲ್ಲೋ ನಿಂತ ಕಾರು ಮುಳುಗಲು ಅಷ್ಟು ಸಾಕು. ಅಂಥ ಕಾರನ್ನು ಒಣಗಿಸಿ, ತೊಳೆದು, ಕೆಲ ತಿಂಗಳ ಬಳಿಕ ಮಾರಿದರೆ ಮೇಲ್ನೋಟಕ್ಕೆ ಏನೂ ತಿಳಿಯದು.

ಹೀಗೆ ಪರೀಕ್ಷಿಸಿ:

ಸೀಟ್ ಬೆಲ್ಟ್ ಅನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ನೀರು ಅಲ್ಲಿಯವರೆಗೆ ಬಂದಿತ್ತು ಎಂದರ್ಥ.

ಕಾರ್ಪೆಟ್ ಎತ್ತಿ ಮೂಸಿ ನೋಡಿ. ಮುಗ್ಗಲು ವಾಸನೆ ಅಥವಾ ಅತಿಯಾದ ಸುಗಂಧ ಎರಡೂ ಎಚ್ಚರಿಕೆಯ ಗಂಟೆ.

ಸೀಟಿನ ಕೆಳಗಿನ ಬೋಲ್ಟ್, ಸ್ಟೆಪ್ನಿ ಇಡುವ ಗುಂಡಿ, ಫ್ಯೂಸ್ ಬಾಕ್ಸ್‌ಗಳಲ್ಲಿ ತುಕ್ಕು ಅಥವಾ ಒಣಗಿದ ಕೆಸರು ಇದೆಯೇ ನೋಡಿ.

ಪವರ್ ವಿಂಡೋ, ವೈಪರ್, ಎಸಿ, ಎಲ್ಲ ದೀಪಗಳನ್ನು ಒಂದೊಂದಾಗಿ ಹಾಕಿ ನೋಡಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಆರಬೇಕು. ಹೊತ್ತದೇ ಇದ್ದರೂ ಆರದೇ ಇದ್ದರೂ ತೊಂದರೆಯೇ.

ವಿಮೆ ಕ್ಲೇಮ್‌ಗಳ ವಿವರ ಮತ್ತು ಸರ್ವಿಸ್ ದಾಖಲೆ ಕೇಳಿ. ಮಳೆಗಾಲದಲ್ಲಿ ದೊಡ್ಡ ರಿಪೇರಿ ಆಗಿದ್ದರೆ ಕಾರಣ ವಿಚಾರಿಸಿ. ಮೀಟರ್ ತಿರುಚಿದ್ದಾರೆಯೇ ಎಂಬುದೂ ಸರ್ವಿಸ್ ದಾಖಲೆಯಲ್ಲಿರುವ ಕಿಲೋಮೀಟರ್‌ನಿಂದ ತಿಳಿಯುತ್ತದೆ.

ಎಂಜಿನ್, ಟೈರು, ಸಿಎನ್‌ಜಿ

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿರುವಾಗ ಸ್ಟಾರ್ಟ್ ಆಗುವ ರೀತಿ, ಹೊಗೆಯ ಬಣ್ಣ, ಸದ್ದು ಬಹಳಷ್ಟನ್ನು ಹೇಳುತ್ತವೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಟ್ರಾಫಿಕ್ ಇರುವ ರಸ್ತೆ, ಫ್ಲೈಓವರ್ ಏರು ಎರಡರಲ್ಲೂ ಎಸಿ ಹಾಕಿ ಓಡಿಸಿ ನೋಡಿ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. ಉದಾಹರಣೆಗೆ 2322 ಎಂದಿದ್ದರೆ 2022ರ 23ನೇ ವಾರ ತಯಾರಾದದ್ದು. ಟೈರಿನ ಹಲ್ಲುಗಳ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಮಳೆಗಾಲದ ರಸ್ತೆಗೆ ಅದಕ್ಕಿಂತ ಹೆಚ್ಚೇ ಇರುವುದು ಒಳ್ಳೆಯದು.

ಸಿಎನ್‌ಜಿ ಕಾರಾದರೆ ಆರ್‌ಸಿಯಲ್ಲಿ ಸಿಎನ್‌ಜಿ ಎಂದು ನಮೂದಾಗಿರಲೇಬೇಕು. ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಕಡ್ಡಾಯ. ಅದರ ಪ್ರಮಾಣಪತ್ರವನ್ನು ಕಣ್ಣಾರೆ ನೋಡಿ.

ದಾಖಲೆಗಳಲ್ಲಿ ಏನು ನೋಡಬೇಕು?

ವಾಶಿಯ ಕಾರುಗಳಿಗೆ ಎಂಎಚ್-43, ಪನ್ವೇಲ್‌ಗೆ ಎಂಎಚ್-46, ಥಾಣೆಗೆ ಎಂಎಚ್-04, ಕಲ್ಯಾಣಕ್ಕೆ ಎಂಎಚ್-05 ಸಂಖ್ಯೆ ಇರುತ್ತದೆ. ಆರ್‌ಸಿಯಲ್ಲಿರುವ ಷಾಸಿ ಮತ್ತು ಎಂಜಿನ್ ಸಂಖ್ಯೆಯನ್ನು ಕಾರಿನ ಮೇಲಿರುವುದರೊಂದಿಗೆ ತಾಳೆ ನೋಡಿ. ಪರಿವಾಹನ್ ಜಾಲತಾಣದಲ್ಲಿ ಬಾಕಿ ಇ-ಚಲನ್ ಇದೆಯೇ ಪರೀಕ್ಷಿಸಿ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯ ವೇಗದ ಕ್ಯಾಮೆರಾಗಳ ದಂಡ ಹೊಸ ಮಾಲೀಕನ ತಲೆಗೆ ಬರಬಾರದು.

ಮಾಲೀಕತ್ವ ವರ್ಗಾವಣೆಗೆ ಫಾರ್ಮ್ 29 ಮತ್ತು ಫಾರ್ಮ್ 30 ಬೇಕು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಇಲ್ಲದೆ ಪೂರ್ತಿ ಹಣ ಕೊಡಬೇಡಿ.

ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಹೆಸರು ಬದಲಾಗುವುದು ಮಾರಿದವರಿಗೂ ಅಷ್ಟೇ ಮುಖ್ಯ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಲು 14 ದಿನಗಳೊಳಗೆ ಅರ್ಜಿ ಕೊಡಿ. ತಡ ಮಾಡಿದರೆ ಸ್ವಂತ ಕಾರಿನ ಹಾನಿಯ ಕ್ಲೇಮ್ ತಿರಸ್ಕೃತವಾಗಬಹುದು. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಸಿಗದು, ಅದು ಅವರಿಗೇ ಸೇರಿದ್ದು. ಹೊಸ ಪಾಲಿಸಿಯಲ್ಲಿ ಎಂಜಿನ್ ರಕ್ಷಣೆಯ ಆ್ಯಡ್-ಆನ್ ಸೇರಿಸಿಕೊಳ್ಳುವುದು ಈ ಊರಿನ ಮಳೆಗೆ ಒಳ್ಳೆಯದು.

ಡೀಲರ್ ಬಳಿ ಕೊಳ್ಳುವುದಾದರೆ ಆತನ ಬಳಿ ಆರ್‌ಟಿಒ ನೀಡಿದ ಅಧಿಕಾರಪತ್ರ ಇದೆಯೇ ಕೇಳಿ. 2023ರ ಏಪ್ರಿಲ್ 1ರಿಂದ ಈ ನಿಯಮ ಜಾರಿಯಲ್ಲಿದೆ.

ಕರ್ನಾಟಕದಿಂದ ಕಾರು ತರುವುದಾದರೆ?

ಊರಿನಲ್ಲಿ ಅಣ್ಣನೋ ಭಾವನೋ ಮಾರುತ್ತಿರುವ ಕೆಎ ನೋಂದಣಿಯ ಕಾರು ಅಗ್ಗವಾಗಿ ಕಾಣಬಹುದು. ಆದರೆ ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಆಗಬೇಕು. ಅದಕ್ಕೆ ಮೂಲ ಆರ್‌ಟಿಒದ ಎನ್‌ಒಸಿ, ಅಂದರೆ ಫಾರ್ಮ್ 28 ಬೇಕು. ಮಹಾರಾಷ್ಟ್ರದ ತೆರಿಗೆಯನ್ನೂ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಭಾಗದ ಮರುಪಾವತಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಈ ಖರ್ಚು ಮತ್ತು ಓಡಾಟ ಸೇರಿಸಿದ ಮೇಲೂ ಅಗ್ಗವೇ ಎಂದು ಲೆಕ್ಕ ಹಾಕಿ. ಎಂಎಚ್ ಕಾರನ್ನು ಊರಿಗೆ ಒಯ್ದು ಅಲ್ಲೇ ಇಡುವವರಿಗೂ ಇದೇ ನಿಯಮ.

ಬೆಲೆ ಮಾತಾಡುವ ಮುನ್ನ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್, ಡೀಸೆಲ್ ಕಾರುಗಳ ಜಿಎಸ್‌ಟಿ 28ರಿಂದ ಶೇ.18ಕ್ಕೆ ಇಳಿದಿದೆ. ಆದ್ದರಿಂದ ಮಾರುವವರು ಅಂದು ಎಷ್ಟು ಕೊಟ್ಟಿದ್ದರು ಎಂಬುದಕ್ಕಿಂತ ಅದೇ ಮಾಡೆಲ್‌ನ ಹೊಸ ಕಾರಿಗೆ ಇಂದು ಎಷ್ಟಾಗುತ್ತದೆ ಎಂಬುದನ್ನು ಮುಂದಿಟ್ಟು ಮಾತಾಡಿ. ಕಾರು 15 ವರ್ಷದ ಹತ್ತಿರವಿದ್ದರೆ ನೋಂದಣಿ ನವೀಕರಣದ ತಪಾಸಣೆ ಮತ್ತು ಶುಲ್ಕವೂ ಲೆಕ್ಕದಲ್ಲಿರಲಿ. ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯದೆ ವಿಮೆ, ವರ್ಗಾವಣೆ, ಟೈರು, ಬ್ಯಾಟರಿಗೆ ಒಂದಿಷ್ಟು ಎತ್ತಿಡಿ.

ಸಾಧ್ಯವಾದರೆ ಮಳೆಗಾಲದಲ್ಲೇ ಕಾರು ನೋಡಿ. ಸೋರುವ ಬಾಗಿಲು, ಮಂಜು ಕಟ್ಟುವ ಹೆಡ್‌ಲೈಟ್, ಜಾರುವ ಟೈರು ಬಿಸಿಲಿನಲ್ಲಿ ಗೊತ್ತಾಗುವುದಿಲ್ಲ. 'ಇವತ್ತೇ ಅಡ್ವಾನ್ಸ್ ಕೊಡಿ, ಇನ್ನೊಬ್ಬರು ಕಾಯುತ್ತಿದ್ದಾರೆ' ಎಂದರೆ ಅವರಿಗೇ ಕೊಡಲು ಹೇಳಿ ಹೊರಟುಬಿಡಿ. ವಾಶಿಯಲ್ಲಿ ಮಾರಾಟಕ್ಕಿರುವ ಹಳೆ ಕಾರುಗಳಿಗೆ ಬರವಿಲ್ಲ, ಮುಂದಿನ ವಾರ ಮತ್ತೊಂದು ಸಿಗುತ್ತದೆ.