ಕೈಗುಣವೂ ಸಿದ್ಧಾಂತವೂ

ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಉಳಿಯುವ ಗಳಿಕೆಗಳಲ್ಲಿ ಸೊಂಟನೋವೂ ಒಂದು. ಉತ್ತರಪತ್ರಿಕೆಗಳ ಕಟ್ಟುಗಳ ಮುಂದೆ ಬಾಗಿ ಕುಳಿತ ಬೇಸಗೆಗಳ ಲೆಕ್ಕವನ್ನು ವಿಶ್ವವಿದ್ಯಾಲಯ ಇಡದಿದ್ದರೂ ಬೆನ್ನು ಇಟ್ಟಿರುತ್ತದೆ. ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಒಂದು ಬೆಳಗ್ಗೆ ಆ ಲೆಕ್ಕ ಬಡ್ಡಿಸಹಿತ ವಸೂಲಾಯಿತು, ಹಾಸಿಗೆಯಿಂದ ಏಳಲಾಗಲಿಲ್ಲ. ಎರಡು ದಿನ ನೋಡಿ ಮಗಳು, "ಅಪ್ಪ, ಹತ್ತಿರದಲ್ಲೇ ಒಬ್ಬರು ಕೈರೊಪ್ರ್ಯಾಕ್ಟರ್ ಇದ್ದಾರೆ, ತೋರಿಸೋಣ" ಎಂದಳು. ಹೆಸರು ಕೇಳಿ, ಇದು ಈಜಿಪ್ಟಿನ ಕೈರೋ ನಗರದಿಂದ ಬಂದ ವೈದ್ಯವಿರಬೇಕೆಂದೇ ನಾನು ಭಾವಿಸಿದೆ.

ಭಾಷೆಯ ಮೇಷ್ಟರಿಗೆ ಪದದ ಮೂಲ ತಿಳಿಯದೆ ಮದ್ದು ಇಳಿಯುವುದಿಲ್ಲ. ಮಗಳ ಊರಿನ ಸಾರ್ವಜನಿಕ ಗ್ರಂಥಾಲಯದಿಂದ ಪುಸ್ತಕಗಳನ್ನು ತರಿಸಿಕೊಂಡು, ಮಲಗಿದಲ್ಲಿಂದಲೇ ಓದತೊಡಗಿದೆ. ಗ್ರೀಕಿನಲ್ಲಿ 'ಖೈರ್' ಎಂದರೆ ಕೈ, 'ಪ್ರಾಕ್ಸಿಸ್' ಎಂದರೆ ಕ್ರಿಯೆ. ಎರಡನ್ನೂ ಕೂಡಿಸಿದರೆ ಕೈಯಿಂದ ಮಾಡುವ ಚಿಕಿತ್ಸೆ ಎಂದಾಗುತ್ತದೆ. ನಮ್ಮ 'ಕೈ'ಗೂ ಗ್ರೀಕರ 'ಖೈರ್'ಗೂ ಕಾಣುವ ಸಾಮ್ಯ ಕೇವಲ ಆಕಸ್ಮಿಕ. ಅದರ ಮೇಲೆ ಯಾರೂ ಮಹಾಪ್ರಬಂಧ ಬರೆಯಬೇಕಾಗಿಲ್ಲ. ಆದರೆ ಇಂಗ್ಲಿಷಿನ 'ಸರ್ಜರಿ' ಎಂಬ ಮಾತಿನ ಮೂಲವೂ ಇದೇ 'ಖೈರ್' ಎಂಬುದು ಗಮನಿಸತಕ್ಕ ವಿಷಯ. 'ಖೈರೂರ್ಗಿಯಾ' ಎಂದರೆ ಕೈಗೆಲಸ. ಒಂದೇ ಕೈಯಿಂದ ಹುಟ್ಟಿದ ಈ ಇಬ್ಬರು ದಾಯಾದಿಗಳು ಮುಂದೆ ಹಲವು ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದರು. ಆ ವ್ಯಾಜ್ಯದ ಚರಿತ್ರೆಯನ್ನು ತಿಳಿದವನು ಚಿಕಿತ್ಸೆಯ ಮೇಜಿನ ಮೇಲೆ ಮಲಗುವ ಮುನ್ನ ಏನು ಕೇಳಬೇಕೆಂಬುದನ್ನೂ ತಿಳಿದಿರುತ್ತಾನೆ.

ಕೈಯಿಂದ ಮೂಳೆ ಕೀಲುಗಳನ್ನು ಸರಿಪಡಿಸುವ ವಿದ್ಯೆ ಹೊಸದಲ್ಲ. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಮೆಲ್ಲಗೆ ಒದ್ದರೆ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಉಂಟು. ಕ್ಷೌರ ಮುಗಿದ ಮೇಲೆ ಕುತ್ತಿಗೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿ ನೆಟಿಕೆ ತೆಗೆಯುವ ಕೈಗೆ ತಲೆ ಕೊಟ್ಟು ಕುಳಿತವರು ನನ್ನ ಕೇಳುಗರಲ್ಲಿ ಅನೇಕರಿರಬೇಕು. ಇಂಗ್ಲೆಂಡಿನಲ್ಲಿಯೂ ಮೂಳೆ ಕೂಡಿಸುವವರು ಮನೆತನದ ವಿದ್ಯೆಯಾಗಿ ಇದನ್ನು ಉಳಿಸಿಕೊಂಡು ಬಂದಿದ್ದರು. 1867ರಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ಪ್ರಖ್ಯಾತ ಶಸ್ತ್ರವೈದ್ಯನು ಇವರು ಗುಣಪಡಿಸುವ ರೋಗಗಳನ್ನೇ ವಿಷಯವಾಗಿಸಿಕೊಂಡು ಉಪನ್ಯಾಸ ಮಾಡಿದನು. ಇವರಿಂದಾಗುವ ಹಾನಿಯನ್ನು ಎಚ್ಚರಿಸಿ, ಇವರಲ್ಲಿ ಒಳ್ಳೆಯದೇನಿದೆಯೋ ಅದನ್ನು ಕಲಿಯಿರೆಂದು ತನ್ನ ವೃತ್ತಿಬಾಂಧವರಿಗೆ ಹೇಳಿದನು. ಈ ವಿವೇಕವನ್ನು ಎರಡು ಪಕ್ಷದವರೂ ಬೇಗನೆ ಮರೆತರು.

ಇನ್ನು ಕೈರೊಪ್ರ್ಯಾಕ್ಟಿಕಿನ ಜನ್ಮವೃತ್ತಾಂತ. ಮಿಸಿಸಿಪಿ ನದಿಯ ದಡದಲ್ಲಿ, ಅಯೋವಾ ರಾಜ್ಯಕ್ಕೆ ಸೇರಿದ ಡೇವನ್‌ಪೋರ್ಟ್ ಎಂಬ ಊರಿದೆ. ಅಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಕೈಯಿಂದ ಕಾಂತಶಕ್ತಿ ಹರಿಸುತ್ತೇನೆಂದು ಚಿಕಿತ್ಸೆ ನಡೆಸುತ್ತಿದ್ದನು. 1845ರಲ್ಲಿ ಕೆನಡಾದಲ್ಲಿ ಹುಟ್ಟಿದ ಈತ ಮೊದಲು ಉಪಾಧ್ಯಾಯನಾಗಿದ್ದವನು, ದಿನಸಿ ಅಂಗಡಿ ಇಟ್ಟಿದ್ದವನು, ಹೊಂಬಣ್ಣದ ಮೀನುಗಳನ್ನೂ ಮಾರಿದ್ದವನು. ಅವನ ಕೊಠಡಿಯಿದ್ದ ಕಟ್ಟಡವನ್ನು ಗುಡಿಸಿ ಸಾರಿಸುತ್ತಿದ್ದವನು ಹಾರ್ವೆ ಲಿಲ್ಲಾರ್ಡ್ ಎಂಬ ಕರಿಯ ಜನಾಂಗದ ಕೆಲಸಗಾರ. ಹದಿನೇಳು ವರ್ಷಗಳಿಂದ ಲಿಲ್ಲಾರ್ಡನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಒಮ್ಮೆ ಬಗ್ಗಿ ಕೆಲಸ ಮಾಡುವಾಗ ಬೆನ್ನಿನಲ್ಲಿ ಏನೋ ಸರಿದಂತಾಗಿ ಕಿವುಡು ಬಂತೆಂದು ಅವನು ಹೇಳಿದನಂತೆ. ಪಾಮರ್ ಅವನ ಬೆನ್ನೆಲುಬಿನಲ್ಲಿ ಉಬ್ಬಿದ್ದ ಒಂದು ಮಣಿಯನ್ನು ಕಂಡು ಅದನ್ನು ಒತ್ತಿ ಕೂರಿಸಿದನಂತೆ. ಲಿಲ್ಲಾರ್ಡನಿಗೆ ಬೀದಿಯ ಸದ್ದು ಕೇಳಿಸಿತಂತೆ. ಪಾಮರ್ ಹೇಳುವ ದಿನ 1895ರ ಸೆಪ್ಟೆಂಬರ್ 18.

ಈ 'ಅಂತೆ'ಗಳನ್ನು ನಾನು ಬೇಕೆಂದೇ ಬಳಸಿದ್ದೇನೆ. ಲಿಲ್ಲಾರ್ಡನ ಮಗಳು ಮುಂದೆ ಹೇಳಿದ ಕಥೆಯೇ ಬೇರೆ. ತಂದೆ ಸ್ನೇಹಿತನೊಡನೆ ನಗೆಮಾತು ಆಡುತ್ತಿದ್ದಾಗ ಪಾಮರ್ ತಾನೂ ನಕ್ಕು, ಕೈಯಲ್ಲಿದ್ದ ಪುಸ್ತಕದಿಂದ ಅವನ ಬೆನ್ನಿಗೆ ಹೊಡೆದನು. ಕೆಲವು ದಿನಗಳ ಮೇಲೆ ಕಿವಿ ಸ್ವಲ್ಪ ತೆರೆದಂತಾಯಿತು. ಇದು ಆಕೆಯ ಮಾತು. ಶರೀರಶಾಸ್ತ್ರ ಬಲ್ಲವರದು ಇನ್ನೊಂದು ತಕರಾರು: ಶ್ರವಣದ ನರವು ಒಳಗಿವಿಯಿಂದ ನೇರವಾಗಿ ಮಿದುಳಿಗೆ ಹೋಗುತ್ತದೆ, ಬೆನ್ನೆಲುಬಿನ ದಾರಿಯನ್ನು ಹಿಡಿಯುವುದೇ ಇಲ್ಲ. ಅಂದು ನಡೆದದ್ದು ಏನೇ ಇರಲಿ, ಪಾಮರ್ ಅದರಿಂದ ಒಂದು ಸಿದ್ಧಾಂತವನ್ನೇ ಕಟ್ಟಿದನು. ಸ್ಯಾಮ್ಯುಯೆಲ್ ವೀಡ್ ಎಂಬ ಪಾದ್ರಿ ಆ ಚಿಕಿತ್ಸೆಗೆ ಗ್ರೀಕ್ ಹೆಸರು ಹುಡುಕಿಕೊಟ್ಟನು. 1897ರಲ್ಲಿ ಶಾಲೆ ಆರಂಭವಾಯಿತು. 1910ರಲ್ಲಿ ಹೊರಬಂದ ತನ್ನ ಬೃಹದ್ಗ್ರಂಥದಲ್ಲಿ ಪಾಮರ್, ನೂರಕ್ಕೆ 95 ರೋಗಗಳಿಗೆ ಜಾರಿದ ಬೆನ್ನೆಲುಬಿನ ಮಣಿಗಳೇ ಕಾರಣವೆಂದೂ, ಉಳಿದ 5ಕ್ಕೆ ಇತರ ಕೀಲುಗಳು ಕಾರಣವೆಂದೂ ಸಾರಿದನು. ನೂರಕ್ಕೆ ನೂರನ್ನೂ ವಿವರಿಸಿಬಿಡುವ ಸಿದ್ಧಾಂತವನ್ನು ಕಂಡಾಗ, ವೈದ್ಯದಲ್ಲಾಗಲಿ ಸಾಹಿತ್ಯ ವಿಮರ್ಶೆಯಲ್ಲಾಗಲಿ, ನಾವು ಸ್ವಲ್ಪ ಹಿಂದೆ ಸರಿದು ನಿಲ್ಲುವುದು ಒಳ್ಳೆಯದು.

ಇಂಥ ಸಿದ್ಧಾಂತ ಇಷ್ಟು ಕಾಲ ಉಳಿದದ್ದಾದರೂ ಹೇಗೆ? ಇಲ್ಲಿ ಚರಿತ್ರೆಯ ಒಂದು ವಿನೋದವಿದೆ. ಪರವಾನಗಿಯಿಲ್ಲದೆ ವೈದ್ಯ ಮಾಡಿದನೆಂದು 1906ರಲ್ಲಿ ಪಾಮರ್‌ಗೆ 350 ಡಾಲರ್ ದಂಡ ಅಥವಾ 105 ದಿನಗಳ ಸೆರೆ ವಿಧಿಸಿದರು. ಹಠಮಾರಿಯಾದ ಆತ ಸೆರೆಮನೆಗೇ ನಡೆದನು. 23 ದಿನ ಕಳೆದ ಮೇಲೆ ದಂಡ ಕಟ್ಟಿ ಹೊರಬಂದನು. ಮರುವರ್ಷ ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಎಂಬ ಊರಿನಲ್ಲಿ ಶೆಗತಾರೊ ಮೊರಿಕುಬೊ ಎಂಬ ಜಪಾನೀ ಮೂಲದ ಕೈರೊಪ್ರ್ಯಾಕ್ಟರನ ವಿಚಾರಣೆ ನಡೆಯಿತು. ಪರವಾನಗಿಯಿಲ್ಲದೆ ಆಸ್ಟಿಯೋಪಥಿ ನಡೆಸಿದನೆಂಬುದು ಆಪಾದನೆ. ಆಸ್ಟಿಯೋಪಥಿ ಎಂದರೆ ಆಂಡ್ರೂ ಟೇಲರ್ ಸ್ಟಿಲ್ ಎಂಬಾತ ಇದಕ್ಕೂ ಮೊದಲೇ ಆರಂಭಿಸಿದ್ದ ಇನ್ನೊಂದು ಕೈವೈದ್ಯ. ನಮ್ಮದು ಅದಲ್ಲ, ನಮಗೆ ನಮ್ಮದೇ ಆದ ತತ್ವವಿದೆ, ಶಾಸ್ತ್ರವಿದೆ, ಕಲೆಯಿದೆ ಎಂದು ಪ್ರತಿವಾದಿಯ ಪಕ್ಷ ವಾದಿಸಿತು, ಗೆದ್ದಿತು. ಅಂದಿನಿಂದ ಆ ಪ್ರತ್ಯೇಕ ತತ್ವವೇ ಈ ವೃತ್ತಿಯ ಕವಚವಾಯಿತು. ಮುಂದಿನ ದಶಕಗಳಲ್ಲಿ ಎಷ್ಟೋ ಮಂದಿ ಕೈರೊಪ್ರ್ಯಾಕ್ಟರುಗಳು ಸೆರೆ ಕಂಡರು. ಸೆರೆಮನೆಯ ಬಾಗಿಲಲ್ಲಿ ನಿಂತವನು ತನ್ನ ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡುವುದಿಲ್ಲ, ಅದನ್ನು ಎದೆಗವಚಿಕೊಳ್ಳುತ್ತಾನೆ. 1913ರಲ್ಲಿ ಕಾನ್ಸಾಸ್ ರಾಜ್ಯ ಮೊಟ್ಟಮೊದಲು ಪರವಾನಗಿಯ ಕಾನೂನು ಮಾಡಿತು. ಕಟ್ಟಕಡೆಗೆ ಲೂಯಿಸಿಯಾನಾ ಮಾಡಿದ್ದು 1974ರಲ್ಲಿ.

ಪಾಮರನ ಮಗ ಬಾರ್ಟ್ಲೆಟ್ ಜೋಶುವಾ ತಂದೆಗಿಂತ ಚತುರ ವ್ಯವಹಾರಸ್ಥ. 1910ರಲ್ಲಿಯೇ ಶಾಲೆಗೆ ಎಕ್ಸ್-ರೇ ಯಂತ್ರ ತರಿಸಿದನು. 1924ರಲ್ಲಿ ಬೆನ್ನೆಲುಬಿನ ಎರಡು ಪಕ್ಕಗಳ ಶಾಖದ ವ್ಯತ್ಯಾಸವನ್ನು ಅಳೆಯುವ ಒಂದು ಯಂತ್ರವನ್ನು ಮುಂದಿಟ್ಟು, ಅದಿಲ್ಲದೆ ಚಿಕಿತ್ಸೆಯೇ ಸಲ್ಲದೆಂದನು. ಆ ಯಂತ್ರವನ್ನು ಯಾರಿಗೂ ಮಾರಲಿಲ್ಲ, ದುಬಾರಿ ಬಾಡಿಗೆಗೆ ಕೊಟ್ಟನು. ಬೇಸತ್ತ ಶಿಷ್ಯರು ಅನೇಕರು ಅವನನ್ನು ತೊರೆದರು. ಬಾನುಲಿಯಲ್ಲಿ ಮಾತನಾಡುತ್ತಿರುವ ನಾನು ಇನ್ನೊಂದನ್ನು ಹೇಳದಿರಲಾರೆ: 1922ರಲ್ಲಿ ಆತ ಡೇವನ್‌ಪೋರ್ಟಿನ ಒಂದು ರೇಡಿಯೋ ಕೇಂದ್ರವನ್ನೇ ಕೊಂಡು ತನ್ನ ವಿದ್ಯೆಯ ಮಹಿಮೆಯನ್ನು ಆಕಾಶಕ್ಕೆ ಹರಡಿದನು. 1932ರಲ್ಲಿ ಆ ಕೇಂದ್ರದಲ್ಲಿ ಆಟಗಳ ವರದಿ ಹೇಳುವ ಕೆಲಸಕ್ಕೆ ಸೇರಿದ ತರುಣ ರೊನಾಲ್ಡ್ ರೇಗನ್ 1981ರಲ್ಲಿ ಅಮೆರಿಕದ ಅಧ್ಯಕ್ಷನಾದನು.

ಎದುರು ಪಕ್ಷದವರೇನೂ ನಿರ್ಮಲರಲ್ಲ. ಅಮೆರಿಕದ ವೈದ್ಯರ ಸಂಘವು 1963ರಲ್ಲಿ ಒಂದು ಸಮಿತಿಯನ್ನು ನೇಮಿಸಿ, ಈ ವೃತ್ತಿಯನ್ನೇ ಅಡಗಿಸಲು ಹೊರಟಿತು. ಕೈರೊಪ್ರ್ಯಾಕ್ಟರುಗಳೊಡನೆ ವೈದ್ಯರು ವೃತ್ತಿಸಂಬಂಧ ಇಟ್ಟುಕೊಳ್ಳುವುದೇ ನೀತಿಬಾಹಿರವೆನಿಸಿತು. 1976ರಲ್ಲಿ ಚೆಸ್ಟರ್ ವಿಲ್ಕ್ ಮತ್ತು ಸಂಗಡಿಗರು ಮೊಕದ್ದಮೆ ಹೂಡಿದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆನ್‌ಡ್ಯಾನರ್ ಅವರು, ವೈದ್ಯರ ಸಂಘ ನಡೆಸಿದ್ದು ಕಾನೂನುಬಾಹಿರವಾದ ಬಹಿಷ್ಕಾರವೆಂದು ತೀರ್ಪಿತ್ತರು. 1990ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ತಮ್ಮ ತೀರ್ಪು ಈ ಚಿಕಿತ್ಸೆಗೆ ಕೊಟ್ಟ ಪ್ರಶಸ್ತಿಪತ್ರವಲ್ಲವೆಂದೂ ಅವರು ಸ್ಪಷ್ಟಪಡಿಸಿದ್ದರು. ನ್ಯಾಯಾಲಯ ಒಬ್ಬನಿಗೆ ಅಂಗಡಿ ತೆರೆಯುವ ಹಕ್ಕನ್ನು ಕೊಡಬಲ್ಲದು. ಸರಕಿನ ಗುಣವನ್ನು ನೋಡಿಕೊಳ್ಳಬೇಕಾದವನು ಗಿರಾಕಿಯೇ. ಬ್ರಿಟನ್ನಿನಲ್ಲಿ ಇದಕ್ಕೆ ಪ್ರತಿಯಾದ ಪ್ರಸಂಗ ನಡೆಯಿತು. ಮಕ್ಕಳ ಹೊಟ್ಟೆನೋವು, ಉಬ್ಬಸ, ಕಿವಿಯ ಸೋಂಕುಗಳಿಗೆ ಬೆನ್ನೆಲುಬಿನ ಚಿಕಿತ್ಸೆ ಸಲ್ಲುತ್ತದೆಂಬುದಕ್ಕೆ ಆಧಾರವಿಲ್ಲವೆಂದು 2008ರಲ್ಲಿ ಬರೆದ ಸೈಮನ್ ಸಿಂಗ್ ಎಂಬ ಲೇಖಕನ ಮೇಲೆ ಕೈರೊಪ್ರ್ಯಾಕ್ಟರುಗಳ ಸಂಘ ಮಾನನಷ್ಟದ ದಾವೆ ಹಾಕಿ, 2010ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೇ ವರ್ಷ ಅಲ್ಲಿನ ಶಾಸನಬದ್ಧ ಕೈರೊಪ್ರ್ಯಾಕ್ಟಿಕ್ ಪರಿಷತ್ತು, ಜಾರಿದ ಮಣಿಯ ಕಲ್ಪನೆ ಚಾರಿತ್ರಿಕವಾದುದು, ಅದು ರೋಗಗಳಿಗೆ ಕಾರಣವೆಂಬುದಕ್ಕೆ ಸಂಶೋಧನೆಯ ಬೆಂಬಲವಿಲ್ಲ ಎಂದು ಒಪ್ಪಿಕೊಂಡಿತು. ಪಾಮರನ ನೂರಕ್ಕೆ ನೂರು ಅಲ್ಲಿಗೆ ಮುಗಿಯಿತು.

ಹಾಗಾದರೆ ಉಳಿದದ್ದೇನು? ಕೈ ಉಳಿಯಿತು. ಹೊಸದಾಗಿ ಬಂದ ಸೊಂಟನೋವು ಬಹುಪಾಲು ತಾನಾಗಿಯೇ ಇಳಿಯುತ್ತದೆ, ಆದಕಾರಣ ಗುಳಿಗೆಗಿಂತ ಮೊದಲು ಶಾಖ, ಅಂಗಮರ್ದನ, ಸೂಜಿಚಿಕಿತ್ಸೆ, ಬೆನ್ನೆಲುಬಿನ ಕೈಚಿಕಿತ್ಸೆ ಇವುಗಳಲ್ಲೊಂದನ್ನು ನೋಡಬಹುದೆಂದು ಅಮೆರಿಕದ ವೈದ್ಯರ ಕಾಲೇಜು 2017ರ ಮಾರ್ಗಸೂಚಿಯಲ್ಲಿ ಹೇಳಿತು. ಬಹುಕಾಲದ ಸೊಂಟನೋವಿಗೆ ಯೋಚಿಸಬಹುದಾದ ಉಪಾಯಗಳಲ್ಲಿ ಇದನ್ನೂ ಒಂದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸೇರಿಸಿತು. ಪವಾಡವಲ್ಲದ, ಸಾಧಾರಣವಾದ ಒಂದು ಉಪಕಾರ. ಪ್ಯಾಜೆಟ್ ಕಂಡದ್ದೂ ಅಷ್ಟೇ.

ನಾನು ಹೋದ ಕೈರೊಪ್ರ್ಯಾಕ್ಟರ್ ಮರ್ಯಾದಸ್ಥರು. ಅಲ್ಲಿ ಇವರಿಗೆ 'ಡಾಕ್ಟರ್' ಎಂಬ ಬಿರುದಿದೆ. ಆದರೆ ಅದು ಅವರ ವಿದ್ಯೆಯದೇ ಪದವಿ, ಎಂ.ಡಿ. ಅಲ್ಲ. ಮೊದಲ ಭೇಟಿಯಲ್ಲಿ ಅವರು ಬಹಳ ಹೊತ್ತು ಪ್ರಶ್ನೆಗಳನ್ನೇ ಕೇಳಿದರು. ಮೂತ್ರ ಮಲಗಳ ಹಿಡಿತ ತಪ್ಪಿದೆಯೆ, ತೊಡೆಸಂದಿಯಲ್ಲಿ ಮರಗಟ್ಟಿದೆಯೆ, ಕಾಲು ಸೋತಿದೆಯೆ, ಜ್ವರವಿದೆಯೆ, ತೂಕ ಇಳಿದಿದೆಯೆ, ಹಿಂದೆ ಅರ್ಬುದರೋಗ ಬಂದಿತ್ತೆ, ಇತ್ತೀಚೆಗೆ ಬಿದ್ದದ್ದುಂಟೆ, ಮೂಳೆ ಸವೆತವುಂಟೆ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದೀರಾ? ಇವುಗಳಲ್ಲಿ ಒಂದಕ್ಕೆ 'ಹೌದು' ಎಂಬ ಉತ್ತರ ಬಂದರೂ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ಮೊದಲ ಮೂರಕ್ಕಂತೂ ತಡಮಾಡದೆ ಆಸ್ಪತ್ರೆಗೆ. ಈ ಪ್ರಶ್ನೆಗಳನ್ನು ಕೇಳದೆ ಬೆನ್ನಿಗೆ ಕೈ ಹಾಕುವವರ ಬಳಿ ಒಂದು ಕ್ಷಣವೂ ನಿಲ್ಲಬೇಡಿ.

ಅನಂತರ ನಾನು ಕೇಳಿದೆ. ಎಕ್ಸ್-ರೇ ಬೇಕೆ? ಬೇಡವೆಂದರು. ಅಪಾಯದ ಲಕ್ಷಣವಿಲ್ಲದ ಹೊಸ ಸೊಂಟನೋವಿಗೆ ಮೊದಲ ಆರು ವಾರ ಅದು ಅನಗತ್ಯವೆಂದು ಅವರ ದೇಶದ ವೃತ್ತಿಸಂಘವೇ 2017ರಲ್ಲಿ ಹೇಳಿದೆ. ಕುತ್ತಿಗೆಯನ್ನು ತಿರುಗಿಸುವಿರಾ? ಅದು ನನಗೆ ಬೇಡವೆಂದೆ, ಅವರು ಒಪ್ಪಿದರು. ಕುತ್ತಿಗೆಯನ್ನು ರಭಸದಿಂದ ತಿರುವಿದ ಬಳಿಕ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಸಂಗಗಳು ಅಪರೂಪವಾದರೂ ವರದಿಯಾಗಿವೆ. ಈ ಸಂಬಂಧವನ್ನು ರೋಗಿಗೆ ಮುಂಚಿತವಾಗಿ ತಿಳಿಸಬೇಕೆಂದು ಅಮೆರಿಕದ ಹೃದ್ರೋಗ ಸಂಘ 2014ರಲ್ಲಿ ಹೇಳಿತು. ಎಂದೂ ಇಲ್ಲದ ತಲೆನೋವು ಕುತ್ತಿಗೆನೋವು, ತಲೆಸುತ್ತು, ಮಾತಿನ ತೊದಲು ಕಂಡರೆ ಅದು ಆಸ್ಪತ್ರೆಗೆ ಧಾವಿಸಬೇಕಾದ ಹೊತ್ತು. ಕ್ಷೌರದ ಕುರ್ಚಿಯಲ್ಲಿ ನೆಟಿಕೆಗೆ ಕುತ್ತಿಗೆ ಕೊಡುವವರಿಗೂ ಈ ಮಾತು ಸಲ್ಲುತ್ತದೆ.

ಮೇಜಿನ ಮೇಲೆ ಒಂದು ಮಗ್ಗುಲಾಗಿ ಮಲಗಿಸಿ ಅವರು ತಟ್ಟನೆ ಒತ್ತಿದಾಗ 'ಲಟಕ್' ಎಂದಿತು. ಜಾರಿದ ಮೂಳೆ ಕೂತ ಸದ್ದು ಅದಲ್ಲ. ಕೀಲು ಅಗಲಿದಾಗ ಅದರೊಳಗಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವುದೇ ಅದರ ಕಾರಣವೆಂಬುದನ್ನು 2015ರಲ್ಲಿ ಬೆರಳಿನ ಗೆಣ್ಣುಗಳ ಎಂ.ಆರ್.ಐ. ಚಿತ್ರಗಳಲ್ಲಿ ತೋರಿಸಿದರು. ನಮ್ಮ ಅಜ್ಜಿಯಂದಿರು ದೃಷ್ಟಿ ತೆಗೆದು ಮುರಿಯುತ್ತಿದ್ದ ನೆಟಿಕೆಯೂ ಅದೇ. ಸದ್ದಿನಿಂದ ಗುಣವನ್ನು ಅಳೆಯಲಾಗದು. ಒಂದೆರಡು ದಿನ ಮೈ ನೊಂದಿತು. ಮೂರು ವಾರಗಳಲ್ಲಿ ನಡೆದಾಡುವಂತಾದೆ. ಅದು ಅವರ ಕೈಗುಣವೋ ಕಾಲದ ಗುಣವೋ ನಾನು ಹೇಳಲಾರೆ. ಕೊನೆಯ ದಿನ ಅವರು, ನೋವಿಲ್ಲದಿದ್ದರೂ ತಿಂಗಳಿಗೊಮ್ಮೆ ಬರುವಂತೆ, ವರ್ಷದ ಹಣವನ್ನು ಮುಂಗಡವಾಗಿ ಕಟ್ಟುವಂತೆ ಸೂಚಿಸಿದರು. ಪಾಮರನ ಮಗನ ಬಾಡಿಗೆ ಯಂತ್ರ ನೆನಪಾಯಿತು. ವಂದಿಸಿ ಬಂದೆ.

ನಮ್ಮ ನಗರಗಳಲ್ಲಿಯೂ ಈಗ ಈ ಹೆಸರಿನ ಫಲಕಗಳು ಕಾಣಿಸತೊಡಗಿವೆ. ಒಳಗೆ ಹೋಗುವವರು ಮೊದಲು ಕೇಳಬೇಕಾದದ್ದು ಇಷ್ಟೇ: ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ, ಎಷ್ಟು ಸಲ ಬರಬೇಕು, ಗುಣ ಕಾಣದಿದ್ದರೆ ಎಂದು ನಿಲ್ಲಿಸುತ್ತೀರಿ? ಸೊಂಟಕ್ಕೆಂದು ಹೋದವರಿಗೆ ಮಧುಮೇಹವನ್ನೂ ಮಗುವಿನ ಉಬ್ಬಸವನ್ನೂ ವಾಸಿಮಾಡುತ್ತೇವೆ ಎಂದರೆ, 1910ರ ಪಾಮರ್ ಮಾತನಾಡುತ್ತಿದ್ದಾನೆಂದು ತಿಳಿದು ಎದ್ದು ಬರಬೇಕು.

ತನ್ನ ಬೆನ್ನು ತನಗೆ ಕಾಣದೆಂಬ ಗಾದೆಯಿದೆ. ಕಾಣದ ಬೆನ್ನನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ದೊಡ್ಡ ನಂಬಿಕೆಯ ಕೆಲಸ. ಹಾರ್ವೆ ಲಿಲ್ಲಾರ್ಡ್ ಹಾಗೆ ಒಪ್ಪಿಸಿದನು. ಅವನ ಕಿವಿಯ ಮೇಲೆ ಒಂದು ವೃತ್ತಿಯೇ ಎದ್ದು ನಿಂತಿತು; ಆದರೆ ಅಂದು ನಡೆದದ್ದೇನೆಂಬ ಬಗ್ಗೆ ಲೋಕಕ್ಕೆ ಬಲವಾಗಿ ಕೇಳಿಸಿದ್ದು ಚಿಕಿತ್ಸಕನ ಮಾತು, ರೋಗಿಯ ಮನೆಯವರದು ಅಂಚಿನಲ್ಲಿ ಉಳಿಯಿತು. ಕೈ ನೀಡಿದವರ ಉಪಕಾರವನ್ನು ಸ್ಮರಿಸೋಣ; ಸಿದ್ಧಾಂತ ಹೇಳಿದವರನ್ನು ಪ್ರಶ್ನಿಸೋಣ. ಬೆನ್ನು ನಮ್ಮದಾದ್ದರಿಂದ ಪ್ರಶ್ನೆಯೂ ನಮ್ಮದೇ ಆಗಿರಬೇಕು.