ಎಡೆದೊರೆ ನಾಡಿನಲ್ಲಿ ಹವಳದ ತೊಟ್ಟಿ: ಯರಗೇರಾದ ಬೋರ್ ನೀರು, ಬೇಸಿಗೆಯ ಆವಿ ಮತ್ತು ಸುಣ್ಣದ ತಿಳಿ

ಯರಗೇರಾ ರಾಯಚೂರಿನ ದಕ್ಷಿಣಕ್ಕೆ, ಮಂತ್ರಾಲಯದ ಹಾದಿಯಲ್ಲಿರುವ ಊರು. ಅಲ್ಲಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಸಮುದ್ರ ಮುನ್ನೂರು ಕಿಲೋಮೀಟರಿಗೂ ಆಚೆ. ಕರ್ನಾಟಕದಲ್ಲಿ ಹವಳವನ್ನು ಅದರ ನೆಲೆಯಲ್ಲೇ ನೋಡಬೇಕೆಂದರೆ ಮುರ್ಡೇಶ್ವರದ ಕಡಲಾಚೆಯ ನೇತ್ರಾಣಿ ದ್ವೀಪದವರೆಗೆ ಹೋಗಬೇಕು. ಇಂಥ ಒಳನಾಡಿನ ಮನೆಯಲ್ಲಿ ಹವಳದ ಅಕ್ವೇರಿಯಂ ಇಡುವುದಾದರೆ ಅದರ ನೀರಿನ ರಸಾಯನವನ್ನು ಹೇಗೆ ಸರಿದೂಗಿಸಬೇಕು ಎಂಬುದು ಈ ಲೇಖನದ ಪ್ರಶ್ನೆ. ಯಾರೇ ಆಗಲಿ ಎರಡು ಅಡ್ಡಿಗಳನ್ನು ಮೊದಲು ಎಣಿಸುತ್ತಾರೆ: ನೆಲದಡಿಯ ಸವಳು ನೀರು ಮತ್ತು ಒಣ ಬಿಸಿಲು. ಮೊದಲನೆಯದು ನಿಜವಾದ ಅಡ್ಡಿ. ಎರಡನೆಯದು ಅಡ್ಡಿಯಲ್ಲ, ಲೆಕ್ಕವಿಟ್ಟು ಬಳಸಿದರೆ ತೊಟ್ಟಿಯ ಸಮತೋಲಕ್ಕೆ ಅದೇ ಸಾಧನ ಎಂಬುದು ನನ್ನ ವಾದ. ಮುಂದಿನ ಲೆಕ್ಕಗಳೆಲ್ಲ 100 ಲೀಟರ್ ನೀರಿನ ತೊಟ್ಟಿಯೊಂದನ್ನು ಮಾದರಿಯಾಗಿ ಇಟ್ಟುಕೊಂಡು ಮಾಡಿದವು.

ಸರಿದೂಗಿಸುವುದು ಏನನ್ನು?

ಸಾಮಾನ್ಯ ಸಮುದ್ರದ ನೀರಿನ ಒಂದು ಕಿಲೋದಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಇದರಲ್ಲಿ ಕ್ಲೋರೈಡ್ ಮತ್ತು ಸೋಡಿಯಂ ಸೇರಿ 30 ಗ್ರಾಂ. ಹವಳದ ತೊಟ್ಟಿಯ ಕಥೆ ನಡೆಯುವುದು ಉಳಿದ ಅಲ್ಪಭಾಗದಲ್ಲಿ: ಮೆಗ್ನೀಸಿಯಂ ಸುಮಾರು 1,280 ಮಿ.ಗ್ರಾಂ, ಕ್ಯಾಲ್ಸಿಯಂ ಸುಮಾರು 410 ಮಿ.ಗ್ರಾಂ, ಮತ್ತು ಬಹುಪಾಲು ಬೈಕಾರ್ಬೊನೇಟಿನಿಂದ ಬರುವ ಕ್ಷಾರತೆ ಲೀಟರಿಗೆ 2.3 ಮಿಲಿಈಕ್ವಿವಲೆಂಟ್, ಅಂದರೆ ಹವ್ಯಾಸಿಗಳ ಮಾನದಲ್ಲಿ ಸುಮಾರು 6.4 ಡಿಕೆಎಚ್. ಸೋಡಿಯಂ ತುಸು ಹೆಚ್ಚು ಕಡಿಮೆಯಾದರೆ ಜೀವಿಗಳು ತಾಳಿಕೊಳ್ಳುತ್ತವೆ. ಕ್ಷಾರತೆ ಒಂದೆರಡು ದಿನದಲ್ಲಿ ಇಮ್ಮಡಿಯಾದರೆ ತಾಳುವುದಿಲ್ಲ.

ಸುಣ್ಣದ ಕವಚ ಕಟ್ಟುವ ಯಾವ ಜೀವಿಯೇ ಆದರೂ ಒಂದು ಕ್ಯಾಲ್ಸಿಯಂ ಅಯಾನಿಗೆ ಎರಡು ಬೈಕಾರ್ಬೊನೇಟ್ ಅಯಾನುಗಳನ್ನು ನೀರಿನಿಂದ ತೆಗೆದುಕೊಂಡು, ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡಿಸಿ, ಒಂದು ಇಂಗಾಲದ ಡೈಆಕ್ಸೈಡ್ ಅಣುವನ್ನು ಬಿಟ್ಟುಕೊಡುತ್ತದೆ. ಹೀಗಾಗಿ ಖರ್ಚಿನ ಅನುಪಾತ ಹೆಚ್ಚು ಬದಲಾಗದು: ಕ್ಷಾರತೆ 1 ಮಿಲಿಈಕ್ವಿವಲೆಂಟ್ ಇಳಿದರೆ ಕ್ಯಾಲ್ಸಿಯಂ ಸುಮಾರು 20 ಮಿ.ಗ್ರಾಂ ಇಳಿಯಬೇಕು. ಇವೆರಡೂ ಜೊತೆಯಾಗಿ ಇಳಿಯದೆ ಬೇರೆ ಬೇರೆ ದಾರಿ ಹಿಡಿದರೆ ನಾವು ಸುರಿದ ನೀರು ಅಥವಾ ಮದ್ದನ್ನು ಮೊದಲು ಅನುಮಾನಿಸಬೇಕು. ಮೆಗ್ನೀಸಿಯಂನ ಪಾತ್ರ ಮೌನದ್ದು. ಅದು ಹುಟ್ಟುವ ಸುಣ್ಣದ ಹರಳಿನ ಮೈಗೆ ಅಂಟಿಕೊಂಡು ಬೆಳವಣಿಗೆಯನ್ನು ತಡೆಯುವುದರಿಂದಲೇ, ಅತಿಸಂತೃಪ್ತವಾಗಿರುವ ಸಮುದ್ರದ ನೀರು ತಾನಾಗಿ ಗಸಿಯಾಗಿ ಕೂರುವುದಿಲ್ಲ.

ಇಲ್ಲಿ ಕಾನೂನಿನ ಮಾತೊಂದು ಬರಲೇಬೇಕು, ಏಕೆಂದರೆ ಅದು ರಸಾಯನವನ್ನೂ ಬದಲಿಸುತ್ತದೆ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಮೊದಲ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕರಿಹವಳ, ಬೆಂಕಿಹವಳ, ಕೊಳಲುಹವಳ, ಸಮುದ್ರ ಬೀಸಣಿಗೆಗಳು ಸೇರಿವೆ. ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನಮ್ಮಲ್ಲಿ ಮನೆಯ ತೊಟ್ಟಿ ಎಂದರೆ ಅಣಬೆ ಆಕಾರದ ಮೆದುಹವಳಗಳು, ಬಂಡೆಗೆ ನೇರಳೆ ಬಣ್ಣ ಹಚ್ಚುವ ಸುಣ್ಣದ ಪಾಚಿ, ಬಸವನಹುಳು, ಕೊಳವೆಹುಳುಗಳ ಸಂಸಾರ. ಇವುಗಳ ಸುಣ್ಣದ ಹಸಿವು ಕಲ್ಲುಹವಳ ತುಂಬಿದ ವಿದೇಶಿ ತೊಟ್ಟಿಗಳಿಗಿಂತ ಬಹಳ ಕಡಿಮೆ. ಆ ತೊಟ್ಟಿಗಳಿಗೆಂದು ಬರೆದ ಅಳತೆಯ ಪಟ್ಟಿಯನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಜೀವಿಗಳಿಗೆ ಬೇಡವಾದ ಸುಣ್ಣ ಪಂಪಿನ ರೆಕ್ಕೆಗೂ ಗಾಜಿಗೂ ಹತ್ತುತ್ತದೆ. ನಮ್ಮ ಮಾದರಿ ತೊಟ್ಟಿ ದಿನಕ್ಕೆ 0.3 ಡಿಕೆಎಚ್ ಬಳಸುತ್ತದೆ ಎಂದು ಹಿಡಿಯೋಣ. 100 ಲೀಟರಿಗೆ ಅದು 10.7 ಮಿಲಿಈಕ್ವಿವಲೆಂಟ್ ಕ್ಷಾರತೆ ಮತ್ತು 214 ಮಿ.ಗ್ರಾಂ ಕ್ಯಾಲ್ಸಿಯಂ.

ಬೋರ್ ನೀರನ್ನೇ ಏಕೆ ಸುರಿಯಬಾರದು?

ಗಡಸು ನೀರಿನಲ್ಲಿ ಹೇಗೂ ಸುಣ್ಣವಿದೆ, ಹವಳಕ್ಕೆ ಬೇಕಾದದ್ದೂ ಸುಣ್ಣ, ಆವಿಯಾದ ನೀರಿನ ಜಾಗಕ್ಕೆ ಬೋರ್ ನೀರನ್ನೇ ತುಂಬಿದರೆ ಎರಡೂ ಕೆಲಸ ಆದಂತಲ್ಲವೇ? ತರ್ಕ ಮೇಲ್ನೋಟಕ್ಕೆ ಗಟ್ಟಿಯಾಗಿದೆ. ಉತ್ತರ ಎಡೆದೊರೆ ನಾಡಿನ ನೆಲದಲ್ಲೇ ಇದೆ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯ ಅಡಿಪಾಯ ಗ್ರಾನೈಟ್ ಮತ್ತು ನೈಸ್ ಶಿಲೆ. ಮೇಲೆ ಬಹಳೆಡೆ ಎರೆಮಣ್ಣು. ಶಿಲೆಯ ಫೆಲ್ಡ್‌ಸ್ಪಾರ್ ಸವೆದಾಗ ಸೋಡಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್, ಸಿಲಿಕಾ ನೀರಿಗೆ ಇಳಿಯುತ್ತವೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಮಣ್ಣಿನ ನೀರು ಆವಿಯಾಗಿ ಗಟ್ಟಿಯಾಗುತ್ತ ಹೋದಂತೆ ಮೊದಲು ಹೊರಬೀಳುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಎರೆಹೊಲ ಉತ್ತಾಗ ಮೇಲೇಳುವ ಬಿಳಿ ಸುಣ್ಣದ ಹರಳುಗಳು ಅವೇ. ಕ್ಯಾಲ್ಸಿಯಂ ಹೀಗೆ ಹರಳಾಗಿ ಹೋದ ಮೇಲೆ ನೀರಿನಲ್ಲಿ ಉಳಿಯುವುದು ಸೋಡಿಯಂ ಮತ್ತು ಹೆಚ್ಚುವರಿ ಬೈಕಾರ್ಬೊನೇಟ್. ಕ್ಯಾಲ್ಸಿಯಂ ಇಳಿದಷ್ಟೂ ಫ್ಲೋರೈಡನ್ನು ಕಟ್ಟಿಹಾಕುವವರಿಲ್ಲದೆ ಅದು ಏರುತ್ತದೆ. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಫ್ಲೋರೈಡ್ ಸಂಕಟದ ಒಂದು ಮೂಲ ಇದು. (ವಿಚಿತ್ರವೆಂದರೆ ತೊಟ್ಟಿಗೆ ಫ್ಲೋರೈಡ್ ತಕರಾರೇ ಅಲ್ಲ. ಸಮುದ್ರದ ನೀರಿನಲ್ಲೇ ಲೀಟರಿಗೆ ಸುಮಾರು 1.3 ಮಿ.ಗ್ರಾಂ ಇದೆ, ಭಾರತೀಯ ಮಾನಕ ಕುಡಿಯುವ ನೀರಿಗೆ ಹಾಕಿದ ಮೇಲ್ಮಿತಿ 1.5.)

ಈಗ ಅಂಕಿ ಹಾಕಿ ನೋಡೋಣ. ಒಂದು ಬೋರ್ ನೀರಿನ ಕ್ಷಾರತೆ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ 400 ಮಿ.ಗ್ರಾಂ, ಅಂದರೆ 8 ಮಿಲಿಈಕ್ವಿವಲೆಂಟ್. ಕ್ಯಾಲ್ಸಿಯಂ 60 ಮಿ.ಗ್ರಾಂ ಎಂದುಕೊಳ್ಳೋಣ. 600 ಮಿ.ಗ್ರಾಂ ಕ್ಷಾರತೆಯವರೆಗೆ ಬೇರೆ ಮೂಲವಿಲ್ಲದಾಗ ಕುಡಿಯಬಹುದೆಂದು ಮಾನಕವೇ ಹೇಳುವುದರಿಂದ ಇದೇನೂ ಅತಿರೇಕದ ಊಹೆಯಲ್ಲ. ಮಳೆಗಾಲ ಕಳೆದ ಮೇಲೆ ದಿನಕ್ಕೆ 1 ಲೀಟರ್ ಆವಿಯಾದರೆ 8 ಮಿಲಿಈಕ್ವಿವಲೆಂಟ್ ಒಳಬರುತ್ತದೆ, ಖರ್ಚು 10.7. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಬೇಕಾದ 214 ಮಿ.ಗ್ರಾಂ ಕ್ಯಾಲ್ಸಿಯಂನಲ್ಲಿ ಬರುವುದು 60 ಮಾತ್ರ. ತಿಂಗಳಿಗೆ ಲೀಟರಿಗೆ 46 ಮಿ.ಗ್ರಾಂ ಕುಸಿತ. ಏಪ್ರಿಲ್‌ನಲ್ಲಿ ದಿನಕ್ಕೆ 2.5 ಲೀಟರ್ ಹೋಗುತ್ತದೆ ಎನ್ನಿ. ಆಗ ಕ್ಷಾರತೆ ಖರ್ಚನ್ನು ಮೀರಿ ತಿಂಗಳಿಗೆ ಸುಮಾರು 7.8 ಡಿಕೆಎಚ್ ಏರುತ್ತದೆ, ಕ್ಯಾಲ್ಸಿಯಂ ಮಾತ್ರ 19 ಮಿ.ಗ್ರಾಂ ಇಳಿಯುತ್ತದೆ. ಒಂದು ಏರಿ ಇನ್ನೊಂದು ಇಳಿಯುವ ಈ ಗತಿ ಎರೆಹೊಲದ ತಳದಲ್ಲಿ ನಡೆಯುವುದರ ಮರುಪ್ರದರ್ಶನ. ಸ್ವಲ್ಪ ದಿನದಲ್ಲಿ ತೊಟ್ಟಿಯಲ್ಲೂ ಸುಣ್ಣ ಹರಳುಗಟ್ಟಿ ಕೂರುತ್ತದೆ.

ಇಷ್ಟೇ ಆಗಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಸರಿಮಾಡಬಹುದಿತ್ತು. ಬೋರ್ ನೀರಿನ ಜೊತೆ ಬರುವ, ಹೊರಹೋಗದ ಪದಾರ್ಥಗಳೇ ದೊಡ್ಡ ತೊಡಕು. ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ 45 ಮಿ.ಗ್ರಾಂನಲ್ಲೇ ಇದ್ದರೂ ದಿನಕ್ಕೊಂದು ಲೀಟರಿನಂತೆ ತಿಂಗಳಿಗೆ 13.5 ಮಿ.ಗ್ರಾಂ ಏರುತ್ತದೆ. ಗ್ರಾನೈಟಿನ ಕೊಡುಗೆಯಾದ ಸಿಲಿಕಾ ಲೀಟರಿಗೆ 30 ಮಿ.ಗ್ರಾಂ ಇದ್ದರೆ ತಿಂಗಳಿಗೆ 9. ಡಯಾಟಮ್ ಪಾಚಿಯ ಕಂದು ಲೇಪ ಬಂಡೆ, ಗಾಜು, ಹವಳಗಳನ್ನೆಲ್ಲ ಮುಚ್ಚಲು ಇದಕ್ಕಿಂತ ಬೇರೆ ಆಹ್ವಾನ ಬೇಡ. ಕರಾವಳಿಯ ತೇವದಲ್ಲಿ ಕಡಿಮೆ ನೀರು ಆವಿಯಾಗುವುದರಿಂದ ನೀರಿನ ದೋಷ ನಿಧಾನವಾಗಿ ಕೂಡುತ್ತದೆ. ಯರಗೇರಾದ ಬಿಸಿಲು ಅದೇ ದೋಷವನ್ನು ಹಲವು ಪಟ್ಟು ವೇಗದಲ್ಲಿ ಕೂಡಿಸುತ್ತದೆ. ಆದ್ದರಿಂದ ಇಲ್ಲಿ ಸೊನ್ನೆಯಿಂದ ಶುರುಮಾಡುವುದು ಶೋಕಿಯಲ್ಲ, ಅನಿವಾರ್ಯ.

ಮನೆಯ ಆರ್‌ಓ ಯಂತ್ರ ಒಂದು ಲೀಟರ್ ಶುದ್ಧ ನೀರಿಗೆ ಮೂರರಷ್ಟನ್ನು ಚೆಲ್ಲುತ್ತದೆ. ಗಡಸು ನೀರಾದರೆ ಇನ್ನೂ ಹೆಚ್ಚು, ಪೊರೆಯೂ ಬೇಗ ಕಟ್ಟುತ್ತದೆ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅಲ್ಲಿಂದ 20 ಲೀಟರಿನ ಕ್ಯಾನಿನಲ್ಲಿ ತಂದ ಫಿಲ್ಟರ್ ನೀರನ್ನು ಅಯಾನು ವಿನಿಮಯ ರಾಳದ ಸಣ್ಣ ಕೊಳವೆಯ ಮೂಲಕ ಹಾಯಿಸಿ, ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬಂದ ಮೇಲೆ ಬಳಸುವುದು ನನಗೆ ಹೆಚ್ಚು ವಿವೇಕದ ದಾರಿಯಾಗಿ ಕಾಣುತ್ತದೆ. ಪೊರೆಯನ್ನು ದಾಟಿ ಬಂದ ಸಿಲಿಕಾವನ್ನು ರಾಳ ಹಿಡಿಯುತ್ತದೆ; ಅದು ಸೋತಾಗ ಮೊದಲು ಜಾರುವುದೂ ಸಿಲಿಕಾವೇ. ಮೀಟರು 1 ತೋರಿಸಿದ ದಿನವೇ ರಾಳ ಬದಲಿಸಬೇಕು.

ಆವಿಯ ಉಪಕಾರ

ನೀರು ಶುದ್ಧವಾದ ಮೇಲೆ ಆವಿಯ ಲೆಕ್ಕ ಪೂರ್ತಿ ತಿರುಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2.4 ಮೆಗಾಜೂಲ್ ಉಷ್ಣವನ್ನು ಒಯ್ಯುತ್ತದೆ. 28 ವ್ಯಾಟಿನ ಉಷ್ಣಮೂಲವೊಂದು ಇಡೀ ದಿನ ಕೊಡುವಷ್ಟು ಅದು. ದಿನಕ್ಕೆ 2.5 ಲೀಟರ್ ಎಂದರೆ 70 ವ್ಯಾಟ್. ತೊಟ್ಟಿಯ ಬಾಯಿಗೆ ಸಣ್ಣ ಫ್ಯಾನು ಹಿಡಿದರೆ ಒಣ ಗಾಳಿಯಲ್ಲಿ ತೊಟ್ಟಿ ಕೋಣೆಗಿಂತ ಹಲವು ಡಿಗ್ರಿ ತಂಪಾಗಿರುತ್ತದೆ. ಮಂಗಳೂರಿನ ಮೇ ತಿಂಗಳ ತೇವದಲ್ಲಿ ಈ ಉಪಾಯ ಹೆಚ್ಚು ಫಲ ಕೊಡದು, ಅಲ್ಲಿ ಚಿಲ್ಲರ್ ಬೇಕಾಗುತ್ತದೆ. ಒಂದು ಎಚ್ಚರ: ಮನೆಯವರು ತಮಗಾಗಿ ಅದೇ ಕೋಣೆಯಲ್ಲಿ ನೀರಿನ ಕೂಲರ್ ಹಾಕಿದರೆ ಗಾಳಿಗೆ ತೇವ ಸೇರಿ ಆವಿ ಕುಗ್ಗುತ್ತದೆ.

ಆವಿಯ ಇನ್ನೂ ಮುಖ್ಯವಾದ ಉಪಕಾರ ಸುಣ್ಣದ ತಿಳಿಗೆ ಜಾಗ ಮಾಡಿಕೊಡುವುದು. ಅರಳಿದ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು, ಶುದ್ಧ ನೀರಿನಲ್ಲಿ ಕಲಕಿ ಮೇಲಿನ ತಿಳಿಯನ್ನು ಹನಿಹನಿಯಾಗಿ ತೊಟ್ಟಿಗೆ ಬಿಡುವ ಪದ್ಧತಿಯನ್ನು 1970ರ ದಶಕದಲ್ಲಿ ಯುರೋಪಿನಲ್ಲಿ ಪೀಟರ್ ವಿಲ್ಕೆನ್ಸ್ ಪ್ರಚಾರಕ್ಕೆ ತಂದರು.   ಸುಣ್ಣದ ತಿಳಿ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗುತ್ತದೆ. ಅಂದರೆ ಕವಚ ಕಟ್ಟುವ ಕ್ರಿಯೆ ಒಯ್ದದ್ದನ್ನು ಅದೇ ಅನುಪಾತದಲ್ಲಿ ಮರಳಿ ಕೊಡುತ್ತದೆ, ಬೇರೇನನ್ನೂ ಉಳಿಸುವುದಿಲ್ಲ. ಬೇಕಾದ ಡೈಆಕ್ಸೈಡಿನ ಅರ್ಧ ಕವಚದ ಕೆಲಸದಿಂದಲೇ ಬರುತ್ತದೆ, ಅರ್ಧ ಗಾಳಿಯಿಂದ.

ಅಂಗಡಿಯಲ್ಲಿ ಸಿಗುವ ಎರಡು ಬಾಟಲಿಯ ಮದ್ದು, ಅಂದರೆ ಒಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಸೋಡಿಯಂ ಬೈಕಾರ್ಬೊನೇಟ್, ಇದೇ ಕೆಲಸ ಮಾಡಿ ಅಡುಗೆ ಉಪ್ಪನ್ನು ಉಳಿಸುತ್ತದೆ. ನಮ್ಮ ತೊಟ್ಟಿಯ ಅಲ್ಪ ಖರ್ಚಿಗೂ ದಿನಕ್ಕೆ 0.9 ಗ್ರಾಂ ಸೋಡಾ ಬೇಕು. ಉಳಿಯುವ ಉಪ್ಪು 0.63 ಗ್ರಾಂ. ನೀರು ಬದಲಿಸದಿದ್ದರೆ ವರ್ಷದಲ್ಲಿ 230 ಗ್ರಾಂ ಸೇರಿ ಲವಣಾಂಶ 35ರಿಂದ 37ರ ಮೇಲಕ್ಕೆ ಹೋಗುತ್ತದೆ. ಹಾಗಾಗದಿರಲು ಉಪ್ಪುನೀರನ್ನು ಮೇಲಿಂದ ಮೇಲೆ ಹೊರಹಾಕಬೇಕು.

ಸುಣ್ಣದ ತಿಳಿಗೆ ಇರುವ ಮುಖ್ಯ ಮಿತಿ ಇದು: ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 1.7 ಗ್ರಾಂ, ಮತ್ತು ಎಷ್ಟು ನೀರು ಆವಿಯಾಯಿತೋ ಅಷ್ಟನ್ನೇ ಸುರಿಯಲು ಸಾಧ್ಯ. ತೇವದ ಊರಿನವರಿಗೆ, ಹವಳ ಹೆಚ್ಚಾದಾಗ, ಜಾಗ ಸಾಲುವುದಿಲ್ಲ. ಯರಗೇರಾದಲ್ಲಿ ಜಾಗ ಧಾರಾಳ. ನಮ್ಮ ತೊಟ್ಟಿಗೆ ದಿನಕ್ಕೆ ಬೇಕಾದದ್ದು 0.4 ಗ್ರಾಂ ಸುಣ್ಣ. ಶ್ರಾವಣದ ಮೋಡದಲ್ಲಿ ಅರ್ಧ ಲೀಟರಷ್ಟೇ ಆವಿಯಾದರೂ ಅದರಲ್ಲಿ ಅದು ಕರಗಿಬಿಡುತ್ತದೆ.

ಇಲ್ಲಿಯೇ ಸಾಮಾನ್ಯ ಪದ್ಧತಿಯನ್ನು ತಿದ್ದಬೇಕಾಗಿದೆ. ಬಹುತೇಕ ಕೈಪಿಡಿಗಳು ಸಂತೃಪ್ತ ತಿಳಿಯನ್ನು ತುಂಬಿಟ್ಟು, ತೇಲುವ ಗುಂಡಿನ ವಾಲ್ವಿನ ಮೂಲಕ ಆವಿಯಾದಷ್ಟು ತಾನಾಗಿ ಬರಲಿ ಎನ್ನುತ್ತವೆ. ಆವಿ ವರ್ಷವಿಡೀ ಸಮವಾಗಿರುವಲ್ಲಿ ಅದು ಸರಿ. ಇಲ್ಲಿ ಏಪ್ರಿಲ್ ಬಂದಾಗ ಜೀವಿಗಳ ಹಸಿವು ಅಷ್ಟೇ ಇದ್ದು, ಒಳಹರಿವು ಶ್ರಾವಣದ ಐದು ಪಟ್ಟಾಗುತ್ತದೆ. ಸಂತೃಪ್ತ ತಿಳಿಯಾದರೆ 2.5 ಲೀಟರಿನಲ್ಲಿ 4 ಗ್ರಾಂಗೂ ಮೀರಿ ಸುಣ್ಣ ಹೋಗಿ, ಪಿಎಚ್ ಜಿಗಿದು, ತೊಟ್ಟಿ ಹಾಲಿನಂತೆ ಬೆಳ್ಳಗಾಗುತ್ತದೆ. ಆದ್ದರಿಂದ ತಿಳಿಯ ಸಾಂದ್ರತೆಯನ್ನು ಸ್ಥಿರವಾಗಿಡದೆ ದಿನದ ಗ್ರಾಂ ಲೆಕ್ಕವನ್ನು ಸ್ಥಿರವಾಗಿಡಬೇಕು. ದಿನಕ್ಕೆ 0.4 ಗ್ರಾಂ ತೂಗಿ, ಅಂದಿನ ಆವಿಯ ನೀರಿನಲ್ಲಿ ಕಲಕಿ, ದೀಪ ಆರಿದ ಮೇಲೆ ರಾತ್ರಿಯುದ್ದಕ್ಕೂ ಹನಿಸುವುದು. ದ್ಯುತಿಸಂಶ್ಲೇಷಣೆ ನಿಂತು ಪಿಎಚ್ ಇಳಿಯುವ ಹೊತ್ತು ಅದೇ. ವಾರಕ್ಕೊಮ್ಮೆ ಕ್ಷಾರತೆ ಅಳೆದು ತೂಕವನ್ನು ತುಸು ಏರಿಸಬೇಕು ಅಥವಾ ಇಳಿಸಬೇಕು. ಪಿಎಚ್ ನೋಡಿ ತೂಕ ಬದಲಿಸಬಾರದು: ಬಾಗಿಲು ಮುಚ್ಚಿ ಜನ ಮಲಗಿದ ಕೋಣೆಯಲ್ಲಿ ಡೈಆಕ್ಸೈಡ್ ಏರಿ ಪಿಎಚ್ ಇಳಿಯುತ್ತದೆ, ಕ್ಷಾರತೆ ಕದಲುವುದಿಲ್ಲ. ಆಗ ಬೇಕಾದದ್ದು ಕಿಟಕಿ ತೆರೆಯುವುದು.

ಎಲೆಯಡಿಕೆಗೆ ಮಾರುವ ಸುಣ್ಣ ಇದಕ್ಕೆ ಸಲ್ಲದು. ಅದರ ಶುದ್ಧತೆಗೆ ಖಾತರಿಯಿಲ್ಲ. ಪ್ರಯೋಗಾಲಯ ದರ್ಜೆಯ ಪುಡಿ ದುಬಾರಿಯೇನಲ್ಲ, ವರ್ಷಕ್ಕೆ 150 ಗ್ರಾಂ ಸಾಕು. ಸಂತೃಪ್ತ ತಿಳಿಯ ಪಿಎಚ್ 12ನ್ನು ಮೀರುತ್ತದೆ, ಕಣ್ಣಿಗೆ ಅಪಾಯ. ತಿಳಿಯಲ್ಲಿ ಮೆಗ್ನೀಸಿಯಂ ಇರದು. ಸುಣ್ಣದ ಪಾಚಿ ಅದನ್ನೂ ಸೇರಿಸಿಕೊಂಡು ಕವಚ ಕಟ್ಟುವುದರಿಂದ ತಿಂಗಳಿಗೊಮ್ಮೆ ಪರೀಕ್ಷಿಸಿ ಬೇರೆಯಾಗಿ ಕೊಡಬೇಕು.

ಅಳತೆ ಮತ್ತು ಹಳೆಯ ನೀರು

ಲವಣಾಂಶ ಅಳೆಯುವ ಕೈ ವಕ್ರೀಭವನ ಮಾಪಕಗಳು ತಾಪವನ್ನು ತಾವೇ ಸರಿಪಡಿಸಿಕೊಳ್ಳುತ್ತವೆ ಎಂದು ಬರೆದಿರುತ್ತದೆ. ಆ ತಿದ್ದುಪಡಿ ಸಾಮಾನ್ಯವಾಗಿ 10ರಿಂದ 30 ಡಿಗ್ರಿಯವರೆಗೆ ಮಾತ್ರ. ರಾಯಚೂರಿನ ಬೇಸಿಗೆಯಲ್ಲಿ ಮನೆಯೊಳಗಿನ ತಾಪವೇ ಆ ಮಿತಿಯನ್ನು ದಾಟುತ್ತದೆ. ಬೆಳಗಿನ ಜಾವ ಅಳೆಯಬೇಕು, 35ರ ಮಾದರಿ ದ್ರಾವಣದಿಂದ ಮಾಪಕವನ್ನು ಆಗಲೇ ಸರಿಹೊಂದಿಸಬೇಕು.

ಕೊನೆಯ ಲೆಕ್ಕ ತೊಟ್ಟಿಯ ಹೊರಗಿನದು. ವಾರಕ್ಕೆ 10 ಲೀಟರ್ ನೀರು ಬದಲಿಸಿದರೆ 350 ಗ್ರಾಂ, ವರ್ಷಕ್ಕೆ 18 ಕಿಲೋ ಉಪ್ಪು ಹೊರಗೆ ಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಸವಳಾಗಿ ಹೋದ ಹೊಲಗಳನ್ನು ಮಾನ್ವಿ, ಸಿಂಧನೂರಿನ ರೈತರು ಬಲ್ಲರು. ಎರೆಮಣ್ಣಿಗೆ ಸೋಡಿಯಂ ಹತ್ತಿದರೆ ಅದರ ಕಣಗಳು ಬಿಡಿಬಿಡಿಯಾಗಿ, ನೀರು ಇಂಗುವುದು ನಿಂತುಬಿಡುತ್ತದೆ. ತೊಟ್ಟಿಯ ಹಳೆಯ ನೀರನ್ನು ಹಿತ್ತಲಿಗೆ, ಗಿಡದ ಬುಡಕ್ಕೆ, ಚರಂಡಿಯ ಮೂಲಕ ಹೊಲಕ್ಕೆ ಬಿಡುವುದು ಸಲ್ಲದು. ಮಾಳಿಗೆಯ ಮೇಲೆ ಅಗಲವಾದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ತೆಳುವಾಗಿ ಹರಡಿದರೆ ಬೇಸಿಗೆಯಲ್ಲಿ ಕೆಲವೇ ದಿನದಲ್ಲಿ ಒಣಗಿ ಉಪ್ಪಾಗುತ್ತದೆ. ಅದನ್ನು ಕೆರೆದು ಚೀಲದಲ್ಲಿ ಒಣಕಸಕ್ಕೆ ಹಾಕಬಹುದು. ಸುಣ್ಣದ ತಿಳಿಯ ಕ್ರಮ ಹಿಡಿದವರು ನೈಟ್ರೇಟ್ ಹತೋಟಿಯಲ್ಲಿರುವವರೆಗೆ ಹದಿನೈದು ದಿನಕ್ಕೊಮ್ಮೆ ನೀರು ಬದಲಿಸಿದರೆ ಸಾಕು, ಉಪ್ಪು 9 ಕಿಲೋಗೆ ಇಳಿಯುತ್ತದೆ. ಮಳೆಗಾಲದ ಮೂರು ತಿಂಗಳು ತಟ್ಟೆ ಒಣಗುವುದಿಲ್ಲವಾದ್ದರಿಂದ ಆ ಅವಧಿಯ ಹಳೆಯ ನೀರನ್ನು ಮುಚ್ಚಿದ ಡ್ರಮ್ಮಿನಲ್ಲಿ ತುಂಬಿಟ್ಟು, ಬಿಸಿಲು ಮರಳಿದ ಮೇಲೆ ಹರಡಬೇಕು. ಹದಿನೈದು ದಿನಕ್ಕೆ ಹತ್ತು ಲೀಟರಿನ ಲೆಕ್ಕದಲ್ಲಿ ಎಪ್ಪತ್ತು ಲೀಟರಿನದೊಂದು ಡ್ರಮ್ಮು ಸಾಕಾಗುತ್ತದೆ.